ಬಿದ್ದು ಸೊಟ್ಟಗಾದ ಅಪ್ಪನ ರೇಜರ್, ದುರ್ಗದಬೈಲಿನ ಪತ್ತಾರ ಅಜ್ಜ

ಕೈಜಾರಿ ಬಿದ್ದ ಹಳೇ ರೇಜರ್ ರಿಪೇರಿ ಆಗುತ್ತಾ ಅಂತ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಹುಡುಕುತ್ತಿದ್ದರೆ, ಆಗುತ್ತೆ. ನನ್ನದು ಆಗಿದೆ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಒಬ್ಬ ಪತ್ತಾರ (ಅಕ್ಕಸಾಲಿಗ) ಅಜ್ಜ ಕೂರುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಮೂಗುತಿ, ಕಾಲುಂಗುರ, ಹಳೇ ಗಡಿಯಾರದ ಚೈನು ಇಂಥ ಸಣ್ಣ ಕೆಲಸ ಅವರದು.

ರೇಜರ್ ನನ್ನ ಅಪ್ಪನದು. ಜಿಲೆಟ್ ಕಂಪನಿಯ ಸ್ಲಿಮ್ ಅಡ್ಜಸ್ಟೇಬಲ್. ಅಮೆರಿಕಕ್ಕೆ ಓದಲು ಹೋಗಿದ್ದ ಕಾಕಾ ತಂದುಕೊಟ್ಟದ್ದು. ತಲೆಯ ಅಡಿಗೆ 'ಜೆ' ಅಕ್ಷರ, '2' ಅಂಕಿ ಇದೆ. ಆ ಕಾಲದ ಜಿಲೆಟ್‌ಗಳಲ್ಲಿ ಅಕ್ಷರ ಅಂದರೆ ವರ್ಷ, ಅಂಕಿ ಅಂದರೆ ಆ ವರ್ಷದ ಎಷ್ಟನೇ ಮೂರು ತಿಂಗಳು ಅಂತ. ಹಾಗಾಗಿ ಇದು 1964ರ ಏಪ್ರಿಲ್‌ನಿಂದ ಜೂನ್ ಒಳಗೆ ತಯಾರಾದದ್ದು. ಹಿತ್ತಾಳೆ ಮೈ, ಮೇಲೆ ನಿಕ್ಕಲ್ ಲೇಪ. ಹಿಡಿಯ ತುದಿ ತಿರುಗಿಸಿದರೆ ಮೇಲಿನ ಎರಡು ಬಾಗಿಲು ಚಿಟ್ಟೆ ರೆಕ್ಕೆಯ ಹಾಗೆ ತೆರೆಯುತ್ತವೆ. ಕುತ್ತಿಗೆಯ ಹತ್ತಿರ 1ರಿಂದ 9ರವರೆಗೆ ಡಯಲ್. ಅದನ್ನು ತಿರುಗಿಸಿದರೆ ಬ್ಲೇಡಿಗೂ ಕೆಳಗಿನ ಅಂಚಿಗೂ ನಡುವಿನ ಸಂದು ಹೆಚ್ಚು-ಕಡಿಮೆ ಆಗುತ್ತೆ. ದಿನಾ ಶೇವ್ ಮಾಡುವವರಿಗೆ ಕಡಿಮೆ ನಂಬರ್ ಸಾಕು, ನಾಲ್ಕು ದಿನದ ಗಡ್ಡಕ್ಕೆ ಮೇಲಿನ ನಂಬರ್.

ಸೋಪು ಹತ್ತಿದ ಕೈಯಿಂದ ಜಾರಿ ಬಚ್ಚಲಿನ ಶಹಾಬಾದ ಕಲ್ಲಿನ ಮೇಲೆ ತಲೆ ಕೆಳಗಾಗಿ ಬಿತ್ತು. ನೋಡಲು ಏನೂ ಆಗಿರಲಿಲ್ಲ. ಮರುದಿನ ಶೇವ್ ಮಾಡಿದಾಗ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗಲ್ಲದ ಮೇಲೆ ಎರಡು ಗಾಯ. ಮೊದಲು ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಪಕ್ಕಡ್ (ಇಕ್ಕಳ) ಹಾಕಿ ರೇಜರಿನ ಬಾಗಿಲನ್ನೇ ಹಿಡಿದುಬಿಟ್ಟ. ಅಷ್ಟು ವರ್ಷ ಒಂದು ಗೆರೆಯಿಲ್ಲದೆ ಇದ್ದ ನಿಕ್ಕಲ್ ಮೇಲೆ ಈಗ ಪಕ್ಕಡಿನ ಹಲ್ಲಿನ ಗುರುತು. ನನಗೆ ಅಪ್ಪನ ಮುಖ ನೆನಪಾಗಿ ಹೊಟ್ಟೆ ಉರಿಯಿತು, ಅಲ್ಲಿಂದ ಕಸಿದುಕೊಂಡೇ ಬಂದೆ.

ಪತ್ತಾರ ಅಜ್ಜ ಮೊದಲು ಕೇಳಿದ್ದು, "ಹೊಸಾ ಬ್ಲೇಡ್ ಐತೇನು ತಮ್ಮಾ? ಬಳಸಿದ್ದು ಬ್ಯಾಡ, ಬಾಗಿದ್ದರ ಅದೂ ಸುಳ್ಳು ಹೇಳತೈತಿ." ಎದುರಿನ ಅಂಗಡಿಯಿಂದ ಸೂಪರ್‌ಮ್ಯಾಕ್ಸ್ ತಂದೆ. ಬ್ಲೇಡ್ ಹಾಕಿ, ಡಯಲ್ 9ಕ್ಕೆ ಇಟ್ಟು, ಅಂಗಡಿಯ ಬಾಗಿಲಿನಿಂದ ಬೀಳುವ ಬಿಸಿಲಿಗೆ ರೇಜರ್ ಅಡ್ಡ ಹಿಡಿದರು. ನನಗೂ ಭೂತಗನ್ನಡಿ ಕೊಟ್ಟು ತೋರಿಸಿದರು. ಒಂದು ಕಡೆ ಬ್ಲೇಡಿನ ಕೆಳಗೆ ಬೆಳಕು ಹೊಲಿಗೆ ದಾರದ ಹಾಗೆ ಈ ತುದಿಯಿಂದ ಆ ತುದಿಗೆ ಒಂದೇ ಸಮ. ಇನ್ನೊಂದು ಕಡೆ ಒಂದು ತುದಿಯಲ್ಲಿ ಕೂದಲಿನಷ್ಟು, ಹೋಗ್ತಾ ಹೋಗ್ತಾ ಎಳ್ಳಿನಷ್ಟು ದಪ್ಪ. ಒಂದು ಬಾಗಿಲಿನ ಮೂಲೆ ಎದ್ದಿತ್ತು. ಅದು ಬ್ಲೇಡನ್ನು ಪೂರ್ತಿ ಒತ್ತಿ ಹಿಡಿಯುತ್ತಿರಲಿಲ್ಲ. ಬ್ಲೇಡ್ ದಪ್ಪ ಇರುವುದೇ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು, ಸ್ವಲ್ಪ ಸಡಿಲ ಸಿಕ್ಕರೂ ಏಳುತ್ತೆ.

ಸುತ್ತಿಗೆ ಮುಟ್ಟಲಿಲ್ಲ, ಬೆಂಕಿಗೂ ಹಿಡಿಯಲಿಲ್ಲ. ಬ್ಲೇಡ್ ತೆಗೆದು, ಎದ್ದ ಮೂಲೆಯ ಮೇಲೆ ಒಂದು ತುಂಡು ಚರ್ಮ ಇಟ್ಟು, ಕೆಳಗೆ ಸಣ್ಣ ಮರದ ಚಕ್ಕೆ ಕೊಟ್ಟು, ಹೆಬ್ಬೆರಳಿನಿಂದ ಒತ್ತಿದರು. ಮತ್ತೆ ಬ್ಲೇಡ್ ಹಾಕಿ ಬಿಸಿಲಿಗೆ ಹಿಡಿದರು. ಮತ್ತೆ ಒತ್ತಿದರು. ಹೀಗೆ ಏಳೆಂಟು ಸಲ, ಪ್ರತಿ ಸಲವೂ ಇಷ್ಟಿಷ್ಟೇ, ಯಾಕಂದರೆ ಜಾಸ್ತಿ ಬಾಗಿಸಿ ಮತ್ತೆ ಹಿಂದಕ್ಕೆ ತಂದರೆ ಹಿತ್ತಾಳೆ ಸೀಳುತ್ತೆ ಅಂತ. ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿ, ಮೆತ್ತನೆ ಬ್ರಷ್‌ನಿಂದ ಡಯಲ್ ಸುತ್ತ ಕೂತಿದ್ದ ಹಳೇ ಸೋಪು, ಬೋರಿನ ನೀರಿನ ಬಿಳಿ ಕರೆ ತೆಗೆದು, ಒಂದು ಹನಿ ಎಣ್ಣೆ ಬಿಟ್ಟರು. ಹಿಡಿ ತಿರುಗಿಸಿದರೆ ಈಗ ಬೆಣ್ಣೆ.

ಡಯಲ್ ಮಾತ್ರ 1ಕ್ಕೆ ಸರಿಯಾಗಿ ನಿಲ್ಲುವುದಿಲ್ಲ, ಗುರುತಿನಿಂದ ಕೂದಲೆಳೆ ಮುಂದೆ ಹೋಗುತ್ತೆ. ಅದನ್ನೂ ಮಾಡಿಕೊಡಿ ಅಂದೆ. "ಅದಕ್ಕ ಪೂರಾ ಬಿಚ್ಚಬೇಕಾಗತೈತಿ. ಸ್ಕ್ರೂ ಹಾಕಿ ಮಾಡಿದ್ದಲ್ಲ ಇದು, ಬಿಚ್ಚಿದರ ಮೊದಲಿನಂಗ ಕೂಡೂದಿಲ್ಲ. ಶೇವಿಂಗಿಗೆ ಏನರ ತ್ರಾಸ ಐತೇನು?" ಇಲ್ಲ. "ಮತ್ತ ಬಿಡು." ಮಾಡ್ತೀನಿ ಅಂತ ಹೇಳಿ ಇನ್ನೂ 500 ರೂಪಾಯಿ ತಗೊಳ್ಳಬಹುದಿತ್ತು, ಅಲ್ವಾ? ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ಮಾತಿಗೆ.

ತಗೊಂಡದ್ದು 200 ರೂಪಾಯಿ. ಪಕ್ಕಡಿನ ಗುರುತು ಹೋಗಿಲ್ಲ. ಉಜ್ಜಿದರೆ ನಿಕ್ಕಲ್ ಹೋಗಿ ಹಿತ್ತಾಳೆ ಕಾಣುತ್ತೆ ಅಂತ ಅದನ್ನೂ ಮುಟ್ಟಲಿಲ್ಲ. ಲೇಪ ಹಾಕುವ ಕೆಲಸ ಅವರು ಮಾಡುವುದಿಲ್ಲ. ಹೋಗುವಾಗ ಒಂದು ಮಾತು ಹೇಳಿದರು: ಬ್ಲೇಡ್ ಬಿಗಿಯಾಗಿ ಕೂತಿರುವಾಗ ಡಯಲ್ ತಿರುಗಿಸಬೇಡ, ಹಿಡಿಯನ್ನು ಸ್ವಲ್ಪ ಸಡಿಲಿಸಿ, ನಂಬರ್ ಇಟ್ಟು, ಮತ್ತೆ ಬಿಗಿ ಮಾಡು. ಮೂರು ವಾರದಿಂದ ಹಾಗೇ ಮಾಡುತ್ತಿದ್ದೇನೆ. 4ರಲ್ಲಿ ಎರಡೂ ಕಡೆ ಒಂದೇ ಸಮ ಶೇವ್ ಆಗುತ್ತಿದೆ, ಒಂದೂ ಗಾಯವಿಲ್ಲ.

ಹೋಗುವವರು ಹೊಸ ಬ್ಲೇಡ್ ಜೊತೆಗೇ ಒಯ್ಯಿರಿ. ನಗದು ಇರಲಿ, ಫೋನಿನಲ್ಲಿ ದುಡ್ಡು ತಗೊಳ್ಳುವುದಿಲ್ಲ. ಗಾಡಿ ದೂರ ನಿಲ್ಲಿಸಿ ನಡೆದೇ ಹೋಗಬೇಕು, ಆ ಗದ್ದಲದಲ್ಲಿ ಜಾಗ ಸಿಗುವುದಿಲ್ಲ. ಅಮಾವಾಸ್ಯೆ ದಿನ ಅವರು ಹತ್ಯಾರ ಮುಟ್ಟುವುದಿಲ್ಲ, ಸುಮ್ನೆ ಹೋಗಿ ಬರಬೇಡಿ. ಆದಷ್ಟು 11 ಗಂಟೆಯೊಳಗೆ ಹೋಗಿ. ಆ ಓಣಿಯಲ್ಲಿ ಅವರ ಬಾಗಿಲಿಗೆ ಬಿಸಿಲು ಬೀಳುವುದು ಅಷ್ಟು ಹೊತ್ತು ಮಾತ್ರ.