ಹಾಡುಗಾರರೇ, ಮೂಲ ಟ್ರ್ಯಾಕ್ ಕೈಗೆ ಬರದೆ ಸ್ಟುಡಿಯೊ ಬಿಡಬೇಡಿ

ಶಾಸ್ತ್ರೀಯ ಸಂಗೀತ ಹಾಡುವವರು, ವೀಣೆ ಪಿಟೀಲು ನುಡಿಸುವವರು ಸದ್ಯದಲ್ಲೇ ರೆಕಾರ್ಡಿಂಗಿಗೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಹೋಗಿ. ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ನಮ್ಮ ಗುರುಗಳ ಹಾಡಿಕೆಗೆ ಬಂದ ಗತಿ ಇನ್ಯಾರ ಹಾಡಿಕೆಗೂ ಬರಬಾರದು.

ಗುರುಗಳಿಗೆ ಎಪ್ಪತ್ತು ದಾಟಿದೆ. ಅವರ ಪಾಠಾಂತರ (ಗುರುಪರಂಪರೆಯಿಂದ ಕಲಿತು ಬಂದ ಹಾಡುವ ಬಗೆ) ಮುಂದಿನವರಿಗೆ ಉಳಿಯಲಿ ಅಂತ ಶಿಷ್ಯರೆಲ್ಲ ದುಡ್ಡು ಸೇರಿಸಿ ಏರ್ಪಾಡು ಮಾಡಿದೆವು. ಜೊತೆಗೆ ವೀಣೆ, ಮೃದಂಗ. ಮೂವರೂ ಎದುರುಬದುರು ಕೂತು ಕಛೇರಿಯಂತೆಯೇ ಹಾಡಿ ನುಡಿಸುತ್ತಾರೆ ಅಂತ ಮೊದಲೇ ಹೇಳಿದ್ದೆವು, ಸ್ಟುಡಿಯೊದವರೂ ಒಪ್ಪಿದ್ದರು. ಆ ದಿನ ಹೋದರೆ ಮಾತೇ ಬೇರೆ. ಮೊದಲು ಗುರುಗಳೊಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕ್ಲಿಕ್ಕಿಗೆ (ಲಯ ತೋರಿಸುವ ಟಕ್ ಟಕ್ ಸದ್ದಿಗೆ) ಹಾಡಬೇಕು, ಪಕ್ಕವಾದ್ಯ ಆಮೇಲೆ. "ನನಗೆ ಮೃದಂಗ ಎದುರಿಗಿಲ್ಲದೆ ಚರಣ ಎತ್ತೋಕೇ ಬರಲ್ಲಪ್ಪ" ಅಂದರು ಗುರುಗಳು. "ಈಗೆಲ್ಲಾ ಹಿಂಗೇ ಮಾಡೋದು ಮೇಡಂ, ಕ್ವಾಲಿಟಿ ಚೆನ್ನಾಗಿರುತ್ತೆ" ಅಂತ ಉತ್ತರ ಬಂತು. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿತ್ತು, ಹಾಡಿದರು.

ಬೇರೆ ಬೇರೆ ಕೂರಿಸಿದ್ದರ ಕಾರಣ ಆಮೇಲೆ ಗೊತ್ತಾಯಿತು. ಒಂದೇ ಕೋಣೆಯಲ್ಲಿ ಕೂತರೆ ಹಾಡುವವರ ಮೈಕಿಗೆ ಮೃದಂಗದ ನಾದವೂ ಸೇರುತ್ತದೆ, ಆಗ ದನಿಯೊಂದನ್ನೇ ಹಿಡಿದು ಶ್ರುತಿ ತಿದ್ದುವ ಸಾಫ್ಟ್‌ವೇರ್ ಓಡಿಸುವುದು ಕಷ್ಟ. ಒಂಟಿ ದನಿಯಾದರೆ ಸಲೀಸು.

ಕೆಲವು ವಾರದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಎಂಪಿ3 ಬಂತು. ತೋಡಿ ರಾಗದ ಆಲಾಪನೆ ಹಾಕಿದೆವು. ಕೇಳುತ್ತಾ ಕೇಳುತ್ತಾ ಗುರುಗಳ ಮುಖ ಬಾಡಿತು. "ಗಾಂಧಾರ ಅಲುಗ್ತಾನೇ ಇಲ್ವಲ್ಲೇ, ಅವತ್ತು ನನ್ನ ಗಂಟಲು ಇಷ್ಟು ಕೆಟ್ಟಿತ್ತಾ?" ಅಂದರು. ತಪ್ಪು ತಮ್ಮದೇ ಅಂದುಕೊಂಡರು! ಆ ಸ್ಟುಡಿಯೊದ ಮೇಲೆ ನನಗಿರುವ ಸಿಟ್ಟೆಲ್ಲ ಈ ಒಂದು ಮಾತಿನದು. ಕಂಟ್ರೋಲ್ ರೂಮಿನ ಸ್ಪೀಕರ್‌ನಿಂದ ಅವತ್ತೇ ನಾನು ಫೋನಿನಲ್ಲಿ ಹಿಡಿದುಕೊಂಡಿದ್ದ ತುಣುಕು ಹಾಕಿ ತೋರಿಸಿದೆ. ಅದರಲ್ಲಿ ಗಾಂಧಾರ ಹೇಗಿರಬೇಕೋ ಹಾಗೇ ಇತ್ತು.

ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಲೇ ಇರಬೇಕು, ಆ ತೂಗುವಿಕೆಯೇ ರಾಗ. ಶ್ರುತಿ ತಿದ್ದುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಸ್ಥಾಯಿಯನ್ನು (ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರ) 12 ಸಮಪಾಲು ಮಾಡಿ, ದನಿ ಎಲ್ಲಿದ್ದರೂ ಹತ್ತಿರದ ಸ್ಥಾನಕ್ಕೆ ಎಳೆಯುತ್ತವೆ. ಎಳೆತ ಜೋರಾಗಿಟ್ಟರೆ ಕಂಪಿತ (ಸ್ವರ ತೂಗುವುದು), ಜಾರು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಎಲ್ಲವೂ ಹಾರ್ಮೋನಿಯಂನಲ್ಲಿ ತೋಡಿ ನುಡಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಎಳೆತ ಸಡಿಲಿಸುವ, ಬೇಕಾದ ಕಡೆ ಮಾತ್ರ ಹಾಕುವ ಸೌಲಭ್ಯ ಅದರಲ್ಲೇ ಇರುತ್ತದೆ. ಅದಕ್ಕೆ ರಾಗ ತಿಳಿದ ಕಿವಿ ಬೇಕು.

ಮೃದಂಗದ ಕಥೆ ಇನ್ನೊಂದು. ಹೆಡ್‌ಫೋನ್‌ನಲ್ಲಿ ಸರಿಯಿತ್ತು, ಒಂದೇ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ಎಡಗಡೆಯ ಗುಮ್ಕಿ (ತಗ್ಗಿನ ಗುಂಗುಡುವ ನಾದ) ಸೊರಗಿಹೋಗುತ್ತಿತ್ತು. ಎರಡೂ ಮುಖಕ್ಕೆ ಒಂದೊಂದು ಮೈಕ್ ಇಟ್ಟಾಗ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿರಬಹುದು, ಒಂದೇ ಸ್ಪೀಕರಿನಲ್ಲಿ ಎರಡನ್ನೂ ಕೂಡಿಸಿದರೆ ತಗ್ಗು ನಾದ ಒಂದನ್ನೊಂದು ತಿಂದುಹಾಕುತ್ತದೆ. ಒಂದು ಟ್ರ್ಯಾಕಿನ ಪೊಲಾರಿಟಿ ತಿರುಗಿಸಿ (ಅಲೆಯ ಏರಿಳಿತ ಅದಲುಬದಲು ಮಾಡಿ) ಕೇಳಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಬೇರೆಯವರ ಹತ್ತಿರ ಸರಿಮಾಡಿಸೋಣ ಅಂತ ಮೂಲ ಟ್ರ್ಯಾಕ್, ಅಂದರೆ ಒಂದೊಂದು ಮೈಕಿನದೂ ಬೇರೆಯಾಗಿರುವ, ತಿದ್ದದ ರೆಕಾರ್ಡಿಂಗ್ ಕೇಳಿದೆವು. ಕೊಡುತ್ತೇವೆ ಅಂತ ಮೊದಲು ಒಪ್ಪಿದ್ದವರು "ಜಾಗ ಸಾಲಲಿಲ್ಲ, ಡಿಲೀಟ್ ಆಗಿದೆ" ಅಂದರು. ಜಾಗದ ಲೆಕ್ಕ ನೋಡಿ: 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ (ಇದು ರೆಕಾರ್ಡಿಂಗಿನ ಗುಣಮಟ್ಟದ ಅಳತೆ) ಒಂದು ಮೈಕಿನ ಒಂದು ಗಂಟೆ ರೆಕಾರ್ಡಿಂಗ್ ಸುಮಾರು 520 ಎಂಬಿ. ಐದು ಮೈಕಿನದು ಸೇರಿಸಿದರೂ ಮೂರು ಜಿಬಿ ಆಗುವುದಿಲ್ಲ, ಸಾಧಾರಣ ಪೆನ್‌ಡ್ರೈವ್ ಸಾಕು. ಎಂಪಿ3ಯಿಂದ ಹಿಂದಕ್ಕೆ ಹೋಗಿ ಗಾಂಧಾರವನ್ನು ಬಿಡಿಸಿ ತೆಗೆಯುವ ದಾರಿ ಇಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ: ಯಾವ ತಿದ್ದುಪಡಿಯೂ ಇಲ್ಲದ ವೇವ್ ಫೈಲುಗಳು, ಒಂದೊಂದು ಮೈಕಿನದೂ ಬೇರೆಯಾಗಿ, ರೆಕಾರ್ಡಿಂಗ್ ಮುಗಿದ ದಿನವೇ ನಿಮ್ಮ ಡಿಸ್ಕಿಗೆ ಬರಬೇಕು. ಬಾಕಿ ಹಣ ಅದನ್ನು ತೆರೆದು ಕೇಳಿದ ಮೇಲೆ. ಒಟ್ಟಿಗೆ ಕೂರಿಸುತ್ತಾರಾ ಅಂತ ಫೋನಿನಲ್ಲಿ ಕೇಳಿದರೆ ಸಾಲದು, ಹೋಗಿ ಕೋಣೆ ನೋಡಿ ಬನ್ನಿ, ಮೂವರು ಕೂರುವಷ್ಟು ಜಾಗವೇ ಇಲ್ಲದಿರಬಹುದು. ಎಲ್ಲ ಮೈಕಿನದನ್ನೂ ಕೂಡಿಸಿದ ಮಿಕ್ಸ್ ಬಂದಾಗ ಹೆಡ್‌ಫೋನ್‌ನಲ್ಲಿ, ಫೋನಿನಲ್ಲಿ ಎರಡರಲ್ಲೂ ಕೇಳಿ.

ಕಾನೂನೂ ಹಾಡಿದವರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 38ಬಿ ಕಲಮಿನ ಪ್ರಕಾರ, ತನ್ನ ಹೆಸರಿಗೆ ಕುಂದು ಬರುವಂತೆ ಹಾಡಿಕೆಯನ್ನು ವಿರೂಪಗೊಳಿಸಿದರೆ ಕಲಾವಿದರು ಅದನ್ನು ತಡೆಯಬಹುದು, ಪರಿಹಾರ ಕೇಳಬಹುದು. ಆದರೆ ಅವಧಿಗೆ ಹೊಂದಿಸಲು ಕತ್ತರಿಸಿದ್ದು, ಬರೀ ತಾಂತ್ರಿಕ ಕಾರಣಕ್ಕೆ ಬದಲಿಸಿದ್ದು ಅದರಲ್ಲಿ ಬರುವುದಿಲ್ಲ. ಹಾಗಾಗಿ "ಶ್ರುತಿ ತಿದ್ದುವುದು ತಾಂತ್ರಿಕ ಕೆಲಸ" ಅನ್ನುವ ವಾದಕ್ಕೆ ಎಡೆ ಕೊಡಬೇಡಿ. ಅದೇ ಮೆಸೇಜಿನಲ್ಲಿ "ದನಿಗೆ ಪಿಚ್ ಕರೆಕ್ಷನ್ ಬೇಡ, ನಮ್ಮನ್ನು ಕೇಳದೆ ಹಾಕಬಾರದು" ಅಂತ ಇನ್ನೊಂದು ಸಾಲು ಸೇರಿಸಿ, ಅವರಿಂದ ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ.