ಪಿಡಿ-1 ರಿಸೆಪ್ಟರ್ ಪ್ರೋಟೀನ್: ಹಿಸ್ ವಯಲೋ, ಎಫ್‌ಸಿ ವಯಲೋ?

ಪಿಡಿ-1 ಎಂದರೆ ರೋಗನಿರೋಧಕ ಟಿ-ಕೋಶಗಳಿಗೆ ಬ್ರೇಕ್ ಹಾಕುವ ರಿಸೆಪ್ಟರ್. ಪ್ರಯೋಗಕ್ಕೆಂದು ಕೊಳ್ಳುವ ವಯಲ್‌ನಲ್ಲಿ (ಪುಟ್ಟ ಸೀಸೆಯಲ್ಲಿ) ಬರುವುದು ಇಡೀ ಪಿಡಿ-1 ಅಲ್ಲ. 288 ಅಮೈನೋ ಆಮ್ಲಗಳ ಮಾನವ ರಿಸೆಪ್ಟರಿನಲ್ಲಿ ಕೋಶದ ಹೊರಗೆ ಚಾಚಿಕೊಂಡ ಭಾಗವಷ್ಟೇ (ಸಾಮಾನ್ಯವಾಗಿ 25ರಿಂದ 167ರವರೆಗೆ), ಎಚ್‌ಇಕೆ293 ಎಂಬ ಮಾನವ ಕೋಶಗಳಲ್ಲಿ ತಯಾರಾಗಿ ಒಣಪುಡಿಯ ರೂಪದಲ್ಲಿರುತ್ತದೆ. ಒಂದು ಬಗೆಗೆ ಹಿಸ್ಟಿಡಿನ್‌ಗಳ ಪುಟ್ಟ ಬಾಲ (ಹಿಸ್ ಟ್ಯಾಗ್), ಇನ್ನೊಂದಕ್ಕೆ ಮಾನವ ಆಂಟಿಬಾಡಿ ಐಜಿಜಿ1ರ ಬುಡದ ತುಂಡಾದ ಎಫ್‌ಸಿ. ಲೇಬಲ್ ಮೇಲೆ ಎರಡಕ್ಕೂ ‘ಶುದ್ಧತೆ ಶೇ. 95ಕ್ಕಿಂತ ಹೆಚ್ಚು’ ಎಂದಿದ್ದರೂ ಕೆಲಸಕ್ಕೆ ಇಳಿದರೆ ಇವು ಎರಡು ಬೇರೆ ಸರಕುಗಳು.

ಕಾರಣ ಇಷ್ಟೇ: ಪಿಡಿ-1ಕ್ಕೆ ತನ್ನ ಜೋಡಿ ಪ್ರೋಟೀನ್ ಪಿಡಿ-ಎಲ್1 ಮೇಲಿರುವ ಹಿಡಿತ ತೀರ ಸಡಿಲ, ಕೆಡಿ (ಹಿಡಿತದ ಅಳತೆ, ಹೆಚ್ಚಿದಷ್ಟೂ ಸಡಿಲ) ಸುಮಾರು 8 ಮೈಕ್ರೋಮೋಲಾರ್. ಹಿಸ್ ಬಗೆ ಒಂಟಿ ಅಣು. ಎಲೈಸಾ (ಯಾವುದು ಯಾವುದನ್ನು ಹಿಡಿಯುತ್ತದೆಂದು ಪ್ಲೇಟಿನಲ್ಲಿ ನೋಡುವ ಪರೀಕ್ಷೆ) ಪ್ಲೇಟನ್ನು ಮೂರು ಸಲ ತೊಳೆಯುವಷ್ಟರಲ್ಲಿ ಬಹುಪಾಲು ಕಳಚಿ ಹೋಗಿರುತ್ತದೆ. ಸಿಗ್ನಲ್ ಬರಲಿಲ್ಲವೆಂದು ಪ್ರೋಟೀನನ್ನು ದೂರುವವರೇ ಹೆಚ್ಚು. ಪ್ರೋಟೀನ್ ಚೆನ್ನಾಗಿಯೇ ಇರುತ್ತದೆ, ಆಯ್ಕೆ ತಪ್ಪಿರುತ್ತದೆ. ಎಫ್‌ಸಿ ಬಗೆ ಜೋಡಿ ಅಣು, ಎರಡು ಕೈಯಲ್ಲಿ ಹಿಡಿಯುತ್ತದೆ. ಎಲೈಸಾಕ್ಕೆ ಅದೇ ಸರಿ. ಆದರೆ ಅದರಿಂದ ಬಂದ ನ್ಯಾನೋಮೋಲಾರ್ ಇಸಿ50 (ಅರ್ಧ ಸಿಗ್ನಲ್ ಕೊಡುವ ಪ್ರಮಾಣ) ಅನ್ನು ಕೆಡಿ ಎಂದು ಬರೆದುಕೊಳ್ಳಬಾರದು. ಎಸ್‌ಪಿಆರ್‌ನಲ್ಲಿ (ಚಿಪ್ ಮೇಲಿನ ಹಿಡಿತವನ್ನು ಬೆಳಕಿನಿಂದ ಅಳೆಯುವ ವಿಧಾನ) ಕೆಡಿ ಅಳೆಯಲು ಚಿಪ್ ಮೇಲೆ ಹರಿಸಬೇಕಾದದ್ದು ಒಂಟಿ ಅಣುವನ್ನೇ.

ಎಫ್‌ಸಿಗೂ ತನ್ನದೇ ತಂಟೆ ಇದೆ. ಮೊನೊಸೈಟ್ ಎಂಬ ಬಿಳಿ ರಕ್ತಕೋಶಗಳ ಎಫ್‌ಸಿ ರಿಸೆಪ್ಟರ್‌ಗಳಿಗೆ ಅಂಟಿ, ಇಲ್ಲದ ಬೈಂಡಿಂಗನ್ನು ತೋರಿಸುತ್ತದೆ. ಆ ರಿಸೆಪ್ಟರ್‌ಗಳನ್ನು ಮೊದಲೇ ಮುಚ್ಚುವ ಎಫ್‌ಸಿ ಬ್ಲಾಕ್ ಜೊತೆಗೆ, ಅಷ್ಟೇ ಮೋಲಾರ್ ಪ್ರಮಾಣದ ಬರೀ ಐಜಿಜಿ1 ಎಫ್‌ಸಿಯ ಕಂಟ್ರೋಲ್ ಇಡಲೇಬೇಕು. ಪರೀಕ್ಷಿಸುವ ಆಂಟಿಬಾಡಿಯೂ ಮಾನವ ಐಜಿಜಿ ಆಗಿದ್ದರೆ ಆಂಟಿ-ಹ್ಯೂಮನ್ ಎಫ್‌ಸಿ ಸೆಕೆಂಡರಿ (ಸಿಗ್ನಲ್ ಕೊಡುವ ಎರಡನೇ ಆಂಟಿಬಾಡಿ) ಎರಡನ್ನೂ ಹಿಡಿಯುತ್ತದೆ. ಅಲ್ಲಿ ಹಿಸ್ ಅಥವಾ ಬಯೋಟಿನ್ ಜೋಡಿಸಿದ ಬಗೆಯೇ ಗತಿ.

ಪ್ರೋಟೀನನ್ನು ತೂಕದಂತೆ ಬೇರ್ಪಡಿಸುವ ಜೆಲ್ ನೋಡಿ ಗಾಬರಿಯಾಗುವುದು ಬೇಡ. ಹಿಸ್ ಬಗೆಯ ಲೆಕ್ಕದ ತೂಕ 17 ಕಿಲೋಡಾಲ್ಟನ್ ಆಸುಪಾಸಿನಲ್ಲಿದ್ದರೂ ಬ್ಯಾಂಡ್ 30ರಿಂದ 45ರ ನಡುವೆ ಹರಡಿಕೊಳ್ಳುತ್ತದೆ. ನಾಲ್ಕು ಕಡೆ ಸಕ್ಕರೆ ಸರಪಳಿ ಕೂರುವ ಪ್ರೋಟೀನ್ ಇದು. ಅಷ್ಟಕ್ಕೂ ಆ ಶೇ. 95 ಎಸ್‌ಡಿಎಸ್ ಜೆಲ್‌ನದಾಗಿದ್ದರೆ ಉಪಯೋಗ ಅರ್ಧ ಮಾತ್ರ, ಏಕೆಂದರೆ ಎಸ್‌ಡಿಎಸ್ ಎಂಬ ಸಾಬೂನಿನಂಥ ರಾಸಾಯನಿಕ ಅಣುಗಳ ಗಂಟುಗಳನ್ನು ಬಿಡಿಸಿಬಿಡುತ್ತದೆ. ಆ ಲಾಟ್‌ನದೇ ಎಸ್‌ಇಸಿ (ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ವಿಧಾನ) ನಕ್ಷೆ ಕೇಳಿ ಪಡೆಯಿರಿ. 93ನೇ ಸಿಸ್ಟೀನ್‌ಗೆ ಜೋಡಿ ಇಲ್ಲದ ಕಾರಣ, ಅದನ್ನು ಸೆರಿನ್‌ಗೆ ಬದಲಿಸಿರದಿದ್ದರೆ ಹಿಸ್ ಬಗೆಯೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬಹುದು. ಆ ಕೊಂಡಿ ಬಿಡಿಸುವ ಡಿಟಿಟಿ ಹಾಕದ ಜೆಲ್‌ನಲ್ಲಿ ಅದು ಕಾಣುತ್ತದೆ.

ಕರಗಿಸುವಾಗ ಮುಚ್ಚಳ ತೆಗೆಯುವ ಮೊದಲು ವಯಲನ್ನು ಒಂದು ನಿಮಿಷ ಸ್ಪಿನ್ ಮಾಡಿ. ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಒಣಗಿಸಿದ್ದಕ್ಕೆ ಸ್ಟೆರೈಲ್ ನೀರು ಸಾಕು, ಮತ್ತೆ ಪಿಬಿಎಸ್ ಹಾಕಿದರೆ ಉಪ್ಪು ಹೆಚ್ಚುತ್ತದೆ. 100 ಮೈಕ್ರೋಗ್ರಾಂಗೆ 500 ಮೈಕ್ರೋಲೀಟರ್ ನೀರು ಹಾಕಿ ಹತ್ತು-ಹದಿನೈದು ನಿಮಿಷ ಸುಮ್ಮನೆ ಬಿಡಿ, ವೋರ್ಟೆಕ್ಸ್ ಬೇಡವೇ ಬೇಡ. 20 ಮೈಕ್ರೋಲೀಟರಿನಂತೆ ಹಂಚಿ -80 ಡಿಗ್ರಿಯಲ್ಲಿಡಿ. ತೆಗೆದದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ತೀರ ತೆಳುವಾಗಿ ಇಡುವುದಾದರೆ ಶೇ. 0.1 ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಇಲ್ಲವಾದರೆ ಟ್ಯೂಬಿನ ಗೋಡೆಯೇ ಪ್ರೋಟೀನನ್ನು ನುಂಗುತ್ತದೆ. ಬಯೋಟಿನ್ ಜೋಡಿಸುವವರಿಗೆ ಮಾತ್ರ ಬಿಎಸ್‌ಎ, ಟ್ರಿಸ್ ಬಫರ್ ಎರಡೂ ನಿಷಿದ್ಧ: ಬಯೋಟಿನ್ ಅಂಟಿಸುವ ಎನ್‌ಎಚ್‌ಎಸ್ ಎಸ್ಟರ್ ಅವುಗಳ ಅಮೈನ್‌ಗೇ ಖರ್ಚಾಗಿ ಹೋಗುತ್ತದೆ.

ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷಾಂಶ, ಅಳತೆ ಇಯು) ‘ಮೈಕ್ರೋಗ್ರಾಂಗೆ 1 ಇಯುಗಿಂತ ಕಡಿಮೆ’ ಎಂಬುದು ಎಲೈಸಾಕ್ಕೆ ಧಾರಾಳವಾಯಿತು. ಕೋಶಗಳಿಗೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕಿದರೆ ಅದೇ ಮಿತಿ 10 ಇಯು ಆಗುತ್ತದೆ, ಡೆಂಡ್ರೈಟಿಕ್ ಎಂಬ ರೋಗನಿರೋಧಕ ಕೋಶಗಳನ್ನು ಎಬ್ಬಿಸಲು ಅಷ್ಟು ಸಾಕು. ಕೋಶಗಳ ಕೆಲಸಕ್ಕೆ ಮೈಕ್ರೋಗ್ರಾಂಗೆ 0.1 ಇಯುಗಿಂತ ಕೆಳಗಿನ ಲಾಟ್ ಸಿಗದಿದ್ದರೆ ಈ ವಯಲ್ ಕೊಳ್ಳಬೇಡಿ.