ಮೆದುಳಿನ ಪ್ಲಾಸ್ಟಿಕ್ ಮಾಡೆಲ್ (8 ಪೀಸ್): ಕೆಲ್ಸಕ್ಕೆ ಬಂತು, ಆದ್ರೆ ರಕ್ತನಾಳನೇ ಇಲ್ಲ

ನಾನೇನು ಮೆಡಿಕಲ್ ಓದೋನಲ್ಲ. ಅಪ್ಪಂಗೆ ಸ್ಟ್ರೋಕ್ ಆದಾಗ ಡಿಸ್ಚಾರ್ಜ್ ಚೀಟೀಲಿ ‘ಲೆಫ್ಟ್ ಎಂಸಿಎ’ (ಮೆದುಳಿನ ಎಡಗಡೆಯ ಒಂದು ಮುಖ್ಯ ರಕ್ತನಾಳ) ಅಂತ ಬರೆದಿದ್ರು, ಅಮ್ಮ ದಿನಾ ‘ತಲೇಲಿ ಎಡಗಡೆ ಅಂತಾರೆ, ಮತ್ತೆ ಬಲಗೈ ಯಾಕೋ ಬಿದ್ದೋಯ್ತು’ ಅಂತ ಕೇಳೋರು, ಹೇಳೋಕೆ ನಂಗೆ ಬರ್ತಿರ್ಲಿಲ್ಲ, ಅದಕ್ಕೇ 1,400 ಚಿಲ್ಲರೆ ಕೊಟ್ಟು ಆನ್‌ಲೈನಲ್ಲಿ ತರಿಸ್ದೆ.

ಬಿಚ್ಚಿ ಜೋಡಿಸ್ಬಹುದು, ಸೈಜೂ ನಿಜದ್ದೇ. ಕೆಳಗಿನ ಕಾಂಡದ ಹತ್ರ ನರಗಳು ಆ ಕಡೆಯಿಂದ ಈ ಕಡೆಗೆ ದಾಟ್ತವೆ ಅಂತ ಬೆರಳಿಟ್ಟು ತೋರಿಸಿದ್ಮೇಲೆ ಅಮ್ಮಂಗೆ ಸಮಾಧಾನ ಆಯ್ತು. ಎಡಗಡೆ ಮುಂದಿನ ಪೀಸಲ್ಲಿ ಬ್ರೋಕಾ ಏರಿಯಾಗೆ, ಅಂದ್ರೆ ಮಾತು ಹೊರಡಿಸೋ ಜಾಗಕ್ಕೆ, ಬೇರೆ ಬಣ್ಣ ಇದೆ. 1861ರಲ್ಲಿ ಪಾಲ್ ಬ್ರೋಕಾ ಅನ್ನೋ ಫ್ರೆಂಚ್ ಡಾಕ್ಟ್ರು ನೋಡಿದ ಪೇಷೆಂಟ್ ಬಾಯಲ್ಲಿ ‘ತಾನ್’ ಬಿಟ್ರೆ ಹೆಚ್ಚುಕಮ್ಮಿ ಏನೂ ಬರ್ತಿರ್ಲಿಲ್ವಂತೆ, ನಮ್ಮಪ್ಪಂದು ‘ಆಯ್ತಾಯ್ತು’. ನೆಂಟರು ಬಂದು ಕಿವುಡರಿಗೆ ಕೂಗೋ ಥರ ಕೂಗೋರು, ಪಾಪ ಅಪ್ಪಂಗೆ ನಾವು ಹೇಳೋದೆಲ್ಲ ಅರ್ಥ ಆಗುತ್ತೆ, ಮಾತು ಹೊರಗೆ ಬರಲ್ಲ ಅಷ್ಟೇ.

ಫಿಜಿಯೋಗೂ ಒಂದಿನ ತಗೊಂಡ್ಹೋಗಿದ್ದೆ. ಅಲ್ಲಿ ಬರೋ ಒಬ್ಬ ಯಜಮಾನ್ರಿಗೆ ಮೆದುಳಿನ ಬಲಗಡೆ ಸ್ಟ್ರೋಕು, ಮಾತು ಸಲೀಸು, ಆದ್ರೆ ತಟ್ಟೇಲಿ ಎಡಗಡೆ ಅನ್ನ ಹಾಗೇ ಬಿಡ್ತಾರೆ. ಹಠ ಅಂದ್ಕೊಂಡಿದ್ರು ಮನೆಯೋರು! ಕಣ್ಣು ಕಾಣುತ್ತೆ, ಮೆದುಳು ಆ ಕಡೆ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ತಟ್ಟೆ ತಿರುಗಿಸಿಟ್ರೆ ತಿಂತಾರೆ.

ಹಿಂದ್ಗಡೆ ಹೂಕೋಸಿನ ಥರದ ಪೀಸು ಸೆರೆಬೆಲ್ಲಮ್, ಬ್ಯಾಲೆನ್ಸ್ ನೋಡ್ಕೊಳ್ಳೋ ಭಾಗ. ಇದು ನೋಡಿದ್ರೆ ನಂಗೆ ಅತ್ತೆ ನೆನಪಾಗ್ತಾರೆ, ಅವರಿಗೆ ಸ್ಟ್ರೋಕ್ ಆಗಿದ್ದು ಇಲ್ಲೇ. ಬಾಯಿ ಸೊಟ್ಟ ಆಗಿರ್ಲಿಲ್ಲ, ಕೈ ಎತ್ತೋರು, ಬರೀ ತಲೆಸುತ್ತು, ವಾಂತಿ, ನಿಂತ್ರೆ ವಾಲೋರು, ನಾವು ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕೊಟ್ಕೊಂಡು ಕೂತ್ವಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇದ್ದ 4.5 ಗಂಟೆ ಅಲ್ಲೇ ಕಳೆದೋಯ್ತು.

ಈಗ ದೂರು. ರಕ್ತನಾಳ ಒಂದೂ ಇಲ್ಲ ರೀ! ಸ್ಟ್ರೋಕ್ ಅರ್ಥ ಆಗ್ಬೇಕಂದ್ರೆ ಮುಖ್ಯ ಅದೇ ತಾನೆ. ಕೈ, ಮುಖ, ಮಾತಿನ ಜಾಗಕ್ಕೆ ಪಕ್ಕದಲ್ಲಿ ಹೋಗೋ ಎಂಸಿಎ ನಾಳ, ಕಾಲಿನ ಜಾಗ ಎರಡು ಭಾಗದ ನಡುವೆ ಒಳಗಡೆ, ಅಲ್ಲಿಗೆ ಬೇರೆ ನಾಳ, ಅದಕ್ಕೇ ಅಪ್ಪ ಕೋಲು ಹಿಡ್ಕೊಂಡು ನಡೀತಾರೆ ಆದ್ರೆ ಕೈ ಇನ್ನೂ ಏಳ್ತಿಲ್ಲ. ಇದನ್ನ ನಾನು ಡಾಕ್ಟ್ರ ಹತ್ರ ಕೇಳಿ ತಿಳ್ಕೊಬೇಕಾಯ್ತು. ನಂಬರ್ ಚೀಟಿ ಪ್ರಿಂಟೂ ಮಸುಕು, ಪಿನ್ನು ಲೂಸು.

ಕೊನೆಗೆ ಕೆಂಪು ಉಲ್ಲನ್ ದಾರ ಗಮ್ ಹಾಕಿ ನಾನೇ ಅಂಟಿಸ್ದೆ. ಅಪ್ಪ ನೋಡಿ ‘ಆಯ್ತಾಯ್ತು’ ಅಂದ್ರು. 5ಕ್ಕೆ 3 ಸ್ಟಾರ್.